ಫಾರ್ಮಾಲಿನ್‌ನಲ್ಲಿಟ್ಟ ಇಲಿ ಮಿದುಳು: ಎಂಆರ್‌ಐ ಅಳತೆ ಅರ್ಧಕ್ಕೆ ಇಳಿದಿದೆ, ಯಾಕೆ?

ಕುಕ್ಕರಹಳ್ಳಿ_ಕೆರೆ:
ನಮಸ್ಕಾರ. ಮೈಸೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಇಲಿ ಮಿದುಳಿನ ಮೇಲೆ. ಒಂದಷ್ಟು ಇಲಿಗಳಿಗೆ ಬದುಕಿದ್ದಾಗ ಎಂಆರ್‌ಐ ಆಗಿತ್ತು. ಆಮೇಲೆ ಪರ್ಫ್ಯೂಷನ್ ಮಾಡಿ (ರಕ್ತನಾಳದ ಮೂಲಕ ಫಿಕ್ಸೇಟಿವ್, ಅಂದರೆ ಅಂಗಾಂಶ ಕೆಡದಂತೆ ಇಡುವ ದ್ರಾವಣ ಹರಿಸಿ), ಮಿದುಳು ಹೊರಗೆ ತೆಗೆದು, 4 ಪರ್ಸೆಂಟ್ ಪಿಎಫ್‌ಎನಲ್ಲಿಟ್ಟು (ಫಾರ್ಮಾಲಿನ್ ಥರದ್ದೇ ಫಾರ್ಮಾಲ್ಡಿಹೈಡ್ ದ್ರಾವಣ) ಮತ್ತೆ ಸ್ಕ್ಯಾನ್ ಮಾಡಿದೆವು. ಎಡಿಸಿ ಅರ್ಧಕ್ಕೂ ಕೆಳಗಿದೆ. ಟಿ2 (ಎಂಆರ್‌ಐ ಸಿಗ್ನಲ್ ಆರಿಹೋಗಲು ಹಿಡಿಯುವ ಸಮಯ) ಕೂಡ ಕಡಿಮೆ. ವೆಂಟ್ರಿಕಲ್ (ಮಿದುಳೊಳಗಿನ ದ್ರವ ತುಂಬಿದ ಕೋಣೆ) ಅಂತೂ ಬರೀ ಗೆರೆ. ಮೆಷಿನ್ ಕೆಟ್ಟಿದೆಯಾ, ನನ್ನ ಕೈ ಕೆಟ್ಟಿದೆಯಾ? ಇನ್ನೊಂದು ವಿಷಯ, ಔಷಧಿ ಕೊಡದ ಗುಂಪಿನ ಟಿ2 ಕೊಟ್ಟ ಗುಂಪಿಗಿಂತ ಕಡಿಮೆ ಬಂದಿದೆ. ಗೈಡ್ ಖುಷಿಯಾಗಿದ್ದಾರೆ. ನನಗೆ ಯಾಕೋ ಅನುಮಾನ.

ಮಂಡ್ಯ_ಹೈದ:
ಮೆಷಿನ್‌ನ ಸುಮ್ನೆ ಬೈಯಬೇಡಿ ಮೇಡಂ. ಎಡಿಸಿ ಅಂದರೆ ನೀರು ಎಷ್ಟು ಸಲೀಸಾಗಿ ಓಡಾಡುತ್ತದೆ ಅನ್ನುವ ಲೆಕ್ಕ. ಪ್ರಾಣ ಹೋದಮೇಲೆ ಜೀವಕೋಶ ಊದಿಕೊಳ್ಳುತ್ತದೆ, ಫಾರ್ಮಾಲ್ಡಿಹೈಡ್ ಪ್ರೋಟೀನ್‌ಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ, ಮೇಲೆ 37 ಡಿಗ್ರಿಯಲ್ಲಿದ್ದದ್ದು ಈಗ ಎಸಿ ರೂಮಿನ 20 ಡಿಗ್ರಿಗೆ ಬಂದಿದೆ. ಒಂದೊಂದು ಡಿಗ್ರಿ ಇಳಿದರೂ ಡಿಫ್ಯೂಷನ್ 2ರಿಂದ 3 ಪರ್ಸೆಂಟ್ ಇಳಿಯುತ್ತದೆ, ನೀವೇ ಲೆಕ್ಕ ಹಾಕಿ. ಬದುಕಿದ್ದ ಇಲಿಗೆ ಬಿ ವ್ಯಾಲ್ಯೂ (ನೀರಿನ ಓಡಾಟವನ್ನು ಸ್ಕ್ಯಾನ್ ಎಷ್ಟು ಸೂಕ್ಷ್ಮವಾಗಿ ಹಿಡಿಯಬೇಕು ಅನ್ನುವ ಸೆಟ್ಟಿಂಗ್) 1000 ಇಟ್ಟಿದ್ದರೆ, ಇದಕ್ಕೂ ಅದೇ ಇಟ್ಟರೆ ಸಾಲದು. 3000, 4000 ಬೇಕಾಗುತ್ತದೆ. ಎಫ್‌ಎ (ನೀರಿನ ಓಡಾಟ ಎಷ್ಟರ ಮಟ್ಟಿಗೆ ಒಂದೇ ದಿಕ್ಕಿಗೆ ಅನ್ನುವ ಅಳತೆ) ಮಾತ್ರ, ಸತ್ತ ಕೂಡಲೇ ಫಿಕ್ಸ್ ಮಾಡಿದ್ದರೆ, ಅಷ್ಟಾಗಿ ಕೆಡುವುದಿಲ್ಲ. ವೆಂಟ್ರಿಕಲ್ ಕುಸಿದದ್ದು ಬುರುಡೆಯಿಂದ ಹೊರಗೆ ತೆಗೆದದ್ದಕ್ಕೆ. ಗಾತ್ರ ಅಳೆಯಬೇಕಿದ್ದರೆ ಬುರುಡೆಯೊಳಗೇ ಬಿಟ್ಟು ಸ್ಕ್ಯಾನ್ ಮಾಡಿ.

ಬಿಡುವಿಲ್ಲ:
ನಾವು ಒಂದು ಸಂಖ್ಯೆಯಿಂದ ಗುಣಿಸಿ ಬದುಕಿದ್ದಾಗಿನ ಅಳತೆಗೆ ಸರಿ ಮಾಡಿಕೊಳ್ಳುತ್ತೇವೆ. ಇಷ್ಟೆಲ್ಲ ತಲೆನೋವು ಯಾಕೆ?

ಹಳೇ_ಲ್ಯಾಬು:
ಗುಣಿಸುವುದು ಬೇಡಪ್ಪ. ಬೂದು ಭಾಗ, ಬಿಳಿ ಭಾಗ ಒಂದೇ ಥರ ಬದಲಾಗುವುದಿಲ್ಲ, ಒಂದೇ ಸಂಖ್ಯೆ ಎರಡಕ್ಕೂ ಹೇಗೆ ಕೂರುತ್ತದೆ?

ಕೆರೆಯವರೇ, ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಟಿ2 ಇಳಿಯುವುದಕ್ಕೆ ದೊಡ್ಡ ಕಾರಣ ಅಂಗಾಂಶದೊಳಗೆ ಇನ್ನೂ ಉಳಿದಿರುವ ಫಿಕ್ಸೇಟಿವ್. ಪಿಬಿಎಸ್‌ನಲ್ಲಿ (ಲ್ಯಾಬಿನ ಉಪ್ಪುನೀರಿನ ಬಫರ್) ನೆನೆಸಿ, ದಿನಾ ಬದಲಾಯಿಸುತ್ತಾ ಬಂದರೆ ಟಿ2 ಬಹಳಷ್ಟು ಮೇಲೆ ಬರುತ್ತದೆ. ಟಿ1 (ಸಿಗ್ನಲ್ ಮತ್ತೆ ಚೇತರಿಸಿಕೊಳ್ಳುವ ಸಮಯ) ಅಷ್ಟು ಬರುವುದಿಲ್ಲ. ಎಡಿಸಿ ಬದುಕಿದ್ದಾಗಿನ ಮಟ್ಟಕ್ಕೆ ಬರುತ್ತದೆ ಅಂತ ಕಾಯಬೇಡಿ. ಪಿಎಫ್‌ಎನಲ್ಲಿ ಜಾಸ್ತಿ ದಿನ ಕೂತಷ್ಟೂ ಟಿ2 ಇಳಿಯುತ್ತಾ ಹೋಗುತ್ತದೆ. ಅದಕ್ಕೇ ಕೇಳುತ್ತಿದ್ದೇನೆ, ಎರಡೂ ಗುಂಪು ಬಾಟಲಿಯಲ್ಲಿ ಎಷ್ಟೆಷ್ಟು ದಿನ ಇದ್ದವು? ಲೇಬಲ್ ನೋಡಿ ಹೇಳಿ. ನಮ್ಮ ಕಾಲದಲ್ಲಿ ನಾನೂ ಇದರಲ್ಲೇ ಒಂದು ವರ್ಷ ಕಳೆದುಕೊಂಡೆ, ಔಷಧಿಯ ಪರಿಣಾಮ ಅಂದುಕೊಂಡದ್ದು ಪೂರ್ತಿ ಬಾಟಲಿಯ ಪರಿಣಾಮ.

ಕುಕ್ಕರಹಳ್ಳಿ_ಕೆರೆ:
ಈಗಷ್ಟೇ ಕೋಲ್ಡ್ ರೂಮಿಗೆ ಹೋಗಿ ಬಂದೆ. ಔಷಧಿ ಕೊಡದವು ದಸರಾಕ್ಕೆ ಮುಂಚಿನವು, ಮಾರ್ಕರ್ ಪೆನ್ನಿನಲ್ಲಿ ನಾನೇ ಬರೆದ ತಾರೀಖು ಅರ್ಧ ಅಳಿಸಿ ಹೋಗಿದೆ. ರಜೆ, ಆಮೇಲೆ ಸ್ಕ್ಯಾನರ್ ಸ್ಲಾಟ್ ಸಿಗಲಿಲ್ಲ, ಮೂರು ತಿಂಗಳು ಹಾಗೇ ಕೂತಿದ್ದವು. ಔಷಧಿ ಕೊಟ್ಟವು ಹತ್ತೇ ದಿನ. ಛೇ.

ಹಳೇ_ಲ್ಯಾಬು:
ಎಲ್ಲವನ್ನೂ ಒಟ್ಟಿಗೆ ಪಿಬಿಎಸ್‌ಗೆ ಹಾಕಿ, ಮೂರ್ನಾಲ್ಕು ವಾರ ಬಿಡಿ. ಆದರೆ ತೊಳೆದರೆ ಮೂರು ತಿಂಗಳು ಪೂರ್ತಿ ಅಳಿಸಿಹೋಗುವುದಿಲ್ಲ. ಆಗಲೂ ವ್ಯತ್ಯಾಸ ಉಳಿದರೆ ಔಷಧಿ ಅನ್ನಬೇಡಿ, ಎರಡೂ ಗುಂಪನ್ನು ಒಂದೇ ದಿನ ಫಿಕ್ಸ್ ಮಾಡಿ ಹೊಸದಾಗಿ ನೋಡಿ. ಸ್ಕ್ಯಾನ್ ಮಾಡುವಾಗ ಫಾಂಬ್ಲಿನ್ ಅನ್ನುವ ಎಣ್ಣೆಯಂಥ ದ್ರವದಲ್ಲಿ ಮುಳುಗಿಸಿ, ಅದರಲ್ಲಿ ಎಂಆರ್‌ಐಗೆ ಸಿಗ್ನಲ್ ಕೊಡುವ ಹೈಡ್ರೋಜನ್ ಇಲ್ಲ, ಸುತ್ತ ಕಪ್ಪಗೆ ಕಾಣುತ್ತದೆ. ಗಾಳಿಗುಳ್ಳೆ ಒಂದೂ ಇರಕೂಡದು.

ಕುಕ್ಕರಹಳ್ಳಿ_ಕೆರೆ:
ಬಾಟಲಿಗಳೆಲ್ಲ ಪಿಬಿಎಸ್‌ಗೆ ಹೋದವು. ಗೈಡ್‌ಗೆ ನಾಳೆ ಬೆಳಿಗ್ಗೆ ಹೇಳುತ್ತೇನೆ, ಅವರು ಕಾಫಿ ಕುಡಿದಮೇಲೆ.