ಕ್ರಿಸ್‌ಮಸ್ ಕಾಲುಚೀಲ: ಹೆಸರು ಮತ್ತು ಹೆಣಿಗೆಯ ಪದಗಳು

ಅಮೆರಿಕ, ಇಂಗ್ಲೆಂಡುಗಳ ಮನೆಗಳಲ್ಲಿ ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಮಕ್ಕಳ ಸಣ್ಣಪುಟ್ಟ ಉಡುಗೊರೆಗಳಿಗಾಗಿ ಅಗ್ಗಿಷ್ಟಿಕೆಯ ಬಳಿ ತೂಗುಹಾಕುವ ‘ಸ್ಟಾಕಿಂಗ್’ ಅನ್ನು ಉಣ್ಣೆದಾರದಲ್ಲಿ ಹೆಣೆಯುವ ಕ್ರಮವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೆಲವು ಪದಗಳ ವಿಷಯದಲ್ಲಿ ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಮೊದಲನೆಯದು ವಸ್ತುವಿನ ಹೆಸರು. ‘ಉಡುಗೊರೆ ಚೀಲ’ ಎಂಬ ಸಲಹೆ ಬಂದಿದೆ. ಹಾಗೆಂದರೆ ಅಂಗಡಿಯವರು ಕೊಡುವ ಕಾಗದದ ಚೀಲವೂ ಆದೀತು. ಪಾದದ ಆಕಾರವೇ ಇದರ ಗುರುತು. ಸಂತ ನಿಕೋಲಸನು ಬಡ ತಂದೆಯೊಬ್ಬನ ಮೂವರು ಹೆಣ್ಣುಮಕ್ಕಳ ಮದುವೆಗೆಂದು ಗುಟ್ಟಾಗಿ ಎಸೆದ ಚಿನ್ನವು ಒಣಗಲು ಹಾಕಿದ್ದ ಕಾಲುಚೀಲದೊಳಗೆ ಬಿತ್ತೆಂದು ಐತಿಹ್ಯ ಹೇಳುತ್ತದೆ. ತೊಡುವ ವಸ್ತುವಿನ ಹೆಸರೇ ಅಲಂಕಾರದ ವಸ್ತುವಿಗೂ ಇಂಗ್ಲಿಷಿನಲ್ಲಿ ಸಾಕಾಗಿರುವಾಗ ನಾವು ಬೇರೆ ಹೆಸರು ಹುಡುಕಬೇಕಾಗಿಲ್ಲ. ‘ಕಾಲುಚೀಲ’ದಲ್ಲಂತೂ ಚೀಲ ಆಗಲೇ ಇದೆ. ಕನ್ನಡ ಬೈಬಲ್ಲಿನಲ್ಲಿ ಶಿಶು ಯೇಸುವನ್ನು ಮಲಗಿಸಿದ ‘ಗೋದಲಿ’ ದನಗಳ ಮೇವಿನ ತೊಟ್ಟಿ ತಾನೆ? ಮಂಗಳೂರಿನ ಕಡೆ ಅದೇ ಪದ ಇಂದು ಯೇಸುವಿನ ಜನನದ ಇಡೀ ದೃಶ್ಯವನ್ನು ಗೊಂಬೆಗಳಿಂದ ಕಟ್ಟುವ ಅಲಂಕಾರಕ್ಕೂ ಸಲ್ಲುತ್ತದೆ. ಹಾಗೆಯೇ ‘ಕ್ರಿಸ್‌ಮಸ್ ಕಾಲುಚೀಲ’ ನಿಲ್ಲಬಹುದೆಂದು ನನ್ನ ಎಣಿಕೆ.

ಕ್ರಿಯಾಪದದ ಬಗ್ಗೆ ನನಗೆ ಹೆಚ್ಚು ಅನುಮಾನವಿಲ್ಲ. ‘ನೇಯ್ದ ಸ್ವೆಟರ್’ ಎಂದು ಬರೆಯುವವರುಂಟು, ಆದರೆ ನೇಯ್ಗೆಗೆ ಮಗ್ಗ ಬೇಕು, ಹಾಸು ಬೇಕು, ಹೊಕ್ಕು ಬೇಕು. ಇಲ್ಲಿರುವುದು ಕಡ್ಡಿಗಳ ಮೇಲೆ ತನ್ನನ್ನೇ ತಾನು ಹಿಡಿದುಕೊಂಡು ಸಾಗುವ ಒಂದೇ ದಾರ. ಆದ್ದರಿಂದ ಜಡೆಗೂ ಬುಟ್ಟಿಗೂ ಸಲ್ಲುವ ‘ಹೆಣೆ’ಯೇ ಸರಿ.

ನಿಜವಾದ ತೊಡಕಿರುವುದು ಕಡ್ಡಿಯ ಮೇಲೆ ಸಾಲಾಗಿ ಕೂರುವ ದಾರದ ಸುತ್ತುಗಳನ್ನು ಏನೆನ್ನಬೇಕು ಎಂಬುದರಲ್ಲಿ. ‘ಹೊಲಿಗೆ’ ಎಂದರೆ ಓದುವವರು ಸೂಜಿ ಹುಡುಕುತ್ತಾರೆ. ‘ಕುಣಿಕೆ’ ಎಂದರೆ, ಕಾಲುಚೀಲವನ್ನು ಮೊಳೆಗೆ ಸಿಕ್ಕಿಸಲು ಬಾಯಿಯ ಅಂಚಿಗೆ ಹಾಕುವ ಕುಣಿಕೆಗೂ ಇದಕ್ಕೂ ಗೊಂದಲವಾಗುತ್ತದೆ. (ಹಬ್ಬದ ಸಾಮಾನಿನಲ್ಲಿ ನೇಣಿನ ನೆನಪಾಗುವುದೂ ಬೇಡ.) ಬಲೆಗೆ ‘ಕಣ್ಣು’ ಇರುವಂತೆ ಹೆಣಿಗೆಗೂ ‘ಕಣ್ಣು’ ಎನ್ನಬಹುದೇ? ‘ಎರಡು ಕಣ್ಣು ಸೀದಾ, ಎರಡು ಕಣ್ಣು ಉಲ್ಟಾ’ ಎಂದು ಓದಿಕೊಂಡರೆ ನನ್ನ ಕಿವಿಗೆ ಒಪ್ಪುತ್ತದೆ.

ಈ ಪದದ ಪರೀಕ್ಷೆಯಾಗುವುದು ಹಿಮ್ಮಡಿಯ ಭಾಗದಲ್ಲಿ. 48 ಕಣ್ಣಿನ ವೃತ್ತದಲ್ಲಿ ಮೇಲಿನ ಭಾಗವನ್ನು ಹೆಣೆದುಕೊಂಡು ಬಂದ ಮೇಲೆ 24 ಕಣ್ಣನ್ನು ಹಾಗೆಯೇ ಬಿಟ್ಟು, ಉಳಿದ 24ರ ಮೇಲೆ, ಪ್ರತಿ ಸಾಲಿನ ಮೊದಲ ಕಣ್ಣನ್ನು ಹೆಣೆಯದೆ ದಾಟಿಸುತ್ತ, ಹಿಂದೆ ಮುಂದೆ 24 ಸಾಲು ಹೆಣೆದರೆ ಚೌಕಾಕಾರದ ಪಟ್ಟಿಯೊಂದು ಇಳಿಯುತ್ತದೆ. ಅನಂತರ ಸಾಲನ್ನು ಕೊನೆಯವರೆಗೆ ಒಯ್ಯದೆ ನಡುವೆಯೇ ಮರಳುತ್ತ, ಮರಳುವ ಮುನ್ನ ಎರಡು ಕಣ್ಣನ್ನು ಒಂದಾಗಿಸುತ್ತ ಹೋದಂತೆ ಪಟ್ಟಿಯ ತುದಿ ಬಟ್ಟಲಿನಂತೆ ಬಾಗುತ್ತದೆ. ಪಟ್ಟಿಯ ಎರಡೂ ಅಂಚುಗಳಿಂದ ತಲಾ 12 ಕಣ್ಣು ಎತ್ತಿಕೊಂಡು, ಬಾಗಿದ ತುದಿಯಲ್ಲಿ ಉಳಿದ ಕಣ್ಣನ್ನೂ ಬಿಟ್ಟಿದ್ದ 24ನ್ನೂ ಜೊತೆಗೂಡಿಸಿ ಮತ್ತೆ ವೃತ್ತಕ್ಕೆ ಸೇರಿಸಿಕೊಂಡರೆ ಪಾದ ಶುರುವಾಗುತ್ತದೆ. ಬೆರಳಿನ ತುದಿಯಲ್ಲಿ ಕಣ್ಣು ಕಡಿಮೆ ಮಾಡುವುದಕ್ಕೆ ‘ಇಳಿಸು’ ಎಂಬುದು ಸಾಕು.

ಪಟ್ಟಿಯನ್ನು ಬಾಗಿಸುವ ಆ ಹಂತವನ್ನು ಇಂಗ್ಲಿಷಿನಲ್ಲಿ ಹಿಮ್ಮಡಿ ‘ತಿರುಗಿಸುವುದು’ ಎನ್ನುತ್ತಾರೆ. ಕನ್ನಡದಲ್ಲಿ ಅದನ್ನು ಓದಿದವರು ಕಾಲುಚೀಲವನ್ನೇ ಒಳಹೊರಗು ಮಾಡಲು ಹೇಳಿದ್ದಾರೆಂದು ತಿಳಿದಾರು. ಅದಕ್ಕಾಗಿ ಸದ್ಯ ‘ಹಿಮ್ಮಡಿ ಬಾಗಿಸು’ ಎಂದು ಬರೆದಿದ್ದೇನೆ. ಮನೆಯಲ್ಲಿ ಅಜ್ಜಿಯೋ ಅತ್ತೆಯೋ ಕುಲಾವಿ, ಸ್ವೆಟರು, ಕಾಲುಚೀಲ ಹೆಣೆಯುತ್ತಿದ್ದವರು ಕಡ್ಡಿಯ ಮೇಲಿನ ದಾರದ ಸುತ್ತಿಗೆ ಮತ್ತು ಈ ಬಾಗಿಸುವಿಕೆಗೆ ಯಾವ ಮಾತು ಬಳಸುತ್ತಿದ್ದರೆಂಬುದನ್ನು, ಅದು ಯಾವ ಊರಿನ ಮಾತು ಎಂಬುದರೊಡನೆ ತಿಳಿಸಿದರೆ, ‘ಕಣ್ಣು’, ‘ಬಾಗಿಸು’ಗಳನ್ನು ಬಿಟ್ಟು ಅದನ್ನೇ ಬಳಸುತ್ತೇನೆ.