ಬೇರಿಂಗ್ ಬದಲಿಸಿದ ಮೇಲೆ ಎಬಿಎಸ್, ಇಎಸ್‌ಸಿ ದೀಪ ಎರಡೂ ಹತ್ತಿಕೊಂಡಿವೆ, ಮಾಡ್ಯೂಲ್ ಹೋಗಿದೆಯಾ?

ಘಟ್ಟದ_ಗಾಡಿ

2018ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 74,000 ಕಿ.ಮೀ. ಓಡಿದೆ. ಮುಂದಿನ ಎಡಚಕ್ರದ ಬೇರಿಂಗ್ ಸದ್ದು ಮಾಡುತ್ತಿದ್ದರಿಂದ ಹೊಸದು ಹಾಕಿಸಿ, ಅಲೈನ್‌ಮೆಂಟ್ ಕೂಡ ಮಾಡಿಸಿದ್ದೇನೆ. ಅವತ್ತಿನಿಂದ ಹೀಗೆ: ಕೀ ಆನ್ ಮಾಡಿದಾಗ ಎಲ್ಲ ದೀಪಗಳೂ ಹತ್ತಿ ಸರಿಯಾಗಿಯೇ ಆರುತ್ತವೆ. ಗಾಡಿ 15–20 ಕಿ.ಮೀ. ವೇಗಕ್ಕೆ ಬರುತ್ತಿದ್ದಂತೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪವೂ ಜಾರುವ ಕಾರಿನ ಚಿತ್ರವಿರುವ ಇಎಸ್‌ಸಿ (ಗಾಡಿ ಜಾರದಂತೆ ಕಾಯುವ ವ್ಯವಸ್ಥೆ) ದೀಪವೂ ಹತ್ತಿಕೊಳ್ಳುತ್ತವೆ. ಮಿಣುಕುವುದಿಲ್ಲ, ಹಾಗೇ ಉರಿಯುತ್ತವೆ. ಮೊಬೈಲಿಗೆ ಜೋಡಿಸುವ ಅಗ್ಗದ ಡಾಂಗಲ್ ಯಾವ ದೋಷದ ಕೋಡೂ ಇಲ್ಲ ಎನ್ನುತ್ತದೆ. ಮೆಕ್ಯಾನಿಕ್ ಎಬಿಎಸ್ ಮಾಡ್ಯೂಲ್ (ಅದನ್ನು ನಡೆಸುವ ಕಂಟ್ರೋಲ್ ಪೆಟ್ಟಿಗೆ) ಬದಲಿಸಿ ಅಂತಿದ್ದಾರೆ. ಅದಕ್ಕೂ ಮೊದಲು ಏನೇನು ನೋಡಬೇಕು? ನಾಳಿದ್ದು ಆಗುಂಬೆ ಘಾಟಿ ಇಳಿಯುವುದಿದೆ, ಓಡಿಸಬಹುದಾ?

ಹತ್ತರ_ಸ್ಪ್ಯಾನರ್

ಮಾಡ್ಯೂಲ್ ವಿಚಾರ ಸದ್ಯಕ್ಕೆ ಬಿಡಿ. ದೀಪ ಯಾವಾಗ ಹತ್ತುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ಕೀ ಆನ್ ಮಾಡಿದಾಗ ಮಾಡ್ಯೂಲ್ ಚಕ್ರದ ವೇಗ ಅಳೆಯುವ ಸೆನ್ಸರ್‌ಗಳ ವಿಚಾರದಲ್ಲಿ ವೈರಿಂಗ್ ಮಾತ್ರ ಪರೀಕ್ಷಿಸುತ್ತದೆ. ವೈರ್ ತುಂಡಾಗಿದ್ದರೆ ನಿಂತಲ್ಲೇ ದೀಪ ಆರುವುದಿಲ್ಲ. ನಿಮ್ಮದು ಆರಿ, ಗಾಡಿ ಹೊರಟ ಮೇಲೆ ಹತ್ತುತ್ತಿದೆ. ಅಂದರೆ ವೈರ್ ಬಹುಶಃ ಸರಿ ಇದೆ, ಮೂರು ಚಕ್ರ ತಿರುಗುವುದು ಮಾಡ್ಯೂಲಿಗೆ ಗೊತ್ತಾಗುತ್ತಿದೆ, ನಾಲ್ಕನೆಯದರದ್ದು ಗೊತ್ತಾಗುತ್ತಿಲ್ಲ.

ಹೊಸ ಬೇರಿಂಗ್ ತಿರುಗುಮುರುಗಾಗಿ ಕೂತಿದೆ ಅನ್ನುವುದು ನನ್ನ ಅನುಮಾನ. ಈ ಕಾಲದ ಬಹಳಷ್ಟು ಕಾರುಗಳಲ್ಲಿ ಸೆನ್ಸರ್ ಓದುವ ಹಲ್ಲಿನ ರಿಂಗ್ ಇರುವುದಿಲ್ಲ. ಬೇರಿಂಗಿನ ಒಂದು ಬದಿಯ ಸೀಲ್‌ನಲ್ಲೇ ಉತ್ತರ-ದಕ್ಷಿಣ ಧ್ರುವಗಳನ್ನು ಸಾಲಾಗಿ ಕೂರಿಸಿದ ಮ್ಯಾಗ್ನೆಟ್ ಪಟ್ಟಿ ಇರುತ್ತದೆ. ಆ ಬದಿ ಸೆನ್ಸರ್ ಕಡೆಗೆ, ಅಂದರೆ ಗಾಡಿಯ ಒಳಮುಖಕ್ಕೆ ಬರಬೇಕು. ನೋಡಲು ಎರಡೂ ಬದಿ ಹೆಚ್ಚುಕಮ್ಮಿ ಒಂದೇ ಥರ, ಅದಕ್ಕೇ ಈ ತಪ್ಪು ನಡೆಯುತ್ತಲೇ ಇರುತ್ತದೆ. ಮ್ಯಾಗ್ನೆಟ್ ಇಲ್ಲದ ಮಾಮೂಲಿ ಬೇರಿಂಗ್ ಹಾಕಿದ್ದರೂ ಲಕ್ಷಣ ಇದೇ. ಅಳತೆ ಒಂದೇ ಆದ್ದರಿಂದ ಸಲೀಸಾಗಿ ಕೂರುತ್ತದೆ.

ಖಾತ್ರಿ ಮಾಡಿಕೊಳ್ಳಲು ಎಬಿಎಸ್ ಮಾಡ್ಯೂಲನ್ನೂ ಓದುವ ಸ್ಕ್ಯಾನರ್ ಬೇಕು. ಅಗ್ಗದ ಡಾಂಗಲ್‌ಗಳು ಹೆಚ್ಚಾಗಿ ಎಂಜಿನ್‌ನ ಪಿ ಕೋಡ್ ಮಾತ್ರ ಓದುತ್ತವೆ. ನಿಮಗೆ ಬೇಕಾದದ್ದು ಬ್ರೇಕ್, ಸ್ಟೇರಿಂಗ್‌ನಂಥ ಚಾಸಿ ಭಾಗಗಳ ಸಿ ಕೋಡ್. ಸಿ 0035 ಬಂದರೆ ಸಾಮಾನ್ಯವಾಗಿ ಮುಂದಿನ ಎಡಚಕ್ರ, ಸಿ 0040 ಬಂದರೆ ಮುಂದಿನ ಬಲಚಕ್ರ (ಕೆಲವು ಕಂಪನಿಗಳು ಬೇರೆ ಸಂಖ್ಯೆ ಬಳಸುತ್ತವೆ). ಕೋಡ್‌ಗಿಂತಲೂ ಲೈವ್ ಡೇಟಾ ಮುಖ್ಯ. ನಾಲ್ಕೂ ಚಕ್ರದ ವೇಗ ಒಟ್ಟಿಗೆ ಕಾಣುವಂತೆ ಇಟ್ಟು ನೇರ ರಸ್ತೆಯಲ್ಲಿ 20ರಲ್ಲಿ ಓಡಿಸಿ, ಸ್ಕ್ರೀನ್ ನೋಡಲು ಪಕ್ಕದಲ್ಲಿ ಇನ್ನೊಬ್ಬರು ಇರಲಿ. ಎಡದ್ದು ಸೊನ್ನೆಯಲ್ಲೇ ನಿಂತರೆ ಬೇರಿಂಗ್ ಅಥವಾ ಸೆನ್ಸರ್. ಆಗಾಗ ಕುಸಿದು ಮತ್ತೆ ಏರಿದರೆ ಪಟ್ಟಿ ಬಿರುಕು ಬಿಟ್ಟಿದೆ ಅಥವಾ ಸೆನ್ಸರ್ ದೂರವಾಗಿದೆ.

ಓಡಿಸುವ ವಿಷಯ: ಮಾಮೂಲಿ ಬ್ರೇಕ್ ಕೆಲಸ ಮಾಡುತ್ತದೆ. ಆದರೆ ಒದ್ದೆ ತಿರುವಿನಲ್ಲಿ ಜೋರಾಗಿ ಒತ್ತಿದರೆ ಚಕ್ರ ಲಾಕ್ ಆಗಬಹುದು. ಮಳೆಯಲ್ಲಿ ಆಗುಂಬೆ ಬೇಡ. ಕೆಂಪು ಬ್ರೇಕ್ ದೀಪವೂ ಹತ್ತಿದರೆ ಗಾಡಿ ತೆಗೆಯಲೇಬೇಡಿ, ಮೊದಲು ಬ್ರೇಕ್ ಆಯಿಲ್ ಮಟ್ಟ ನೋಡಿ.

ವೋಲ್ಟ್_ಮೀಟರ್

ಮೇಲಿನ ಮಾತು ಒಪ್ಪುತ್ತೇನೆ, ಆದರೂ ಬೇರಿಂಗ್ ಬಿಚ್ಚುವ ಮೊದಲು ಸೆನ್ಸರ್ ಪರೀಕ್ಷಿಸಿ, ಅದು ಕಾಲು ಗಂಟೆಯ ಕೆಲಸ. ಗಾಡಿ ಜಾಕ್ ಮೇಲೆ, ಕೆಳಗೆ ಸ್ಟ್ಯಾಂಡ್, ಚಕ್ರ ಬಿಚ್ಚಿ. ಸೆನ್ಸರ್ ಪ್ಲಗ್ ತೆಗೆದು ಒಳಗೆ ಹಸಿರು ಕಿಲುಬು, ನೀರು ಇದೆಯಾ ನೋಡಿ. ಕೀ ಆನ್ ಇಟ್ಟು ಗಾಡಿ ಕಡೆಯ ಪ್ಲಗ್‌ನಲ್ಲಿ ಡಿಸಿ ವೋಲ್ಟ್ ಅಳೆಯಿರಿ. ಬಲಚಕ್ರದ ಪ್ಲಗ್‌ನಲ್ಲಿ ಬರುವಷ್ಟೇ ಇಲ್ಲೂ ಬರಬೇಕು. ಎರಡೇ ವೈರ್ ಇದೆ ಎಂದು ಓಮ್ ಮೀಟರ್ ಹಿಡಿಯಬೇಡಿ. ಹಳೆಯ ಕಾಯಿಲ್ ಮಾದರಿಗೆ ಅದು ಸರಿ, ಒಂದು-ಎರಡು ಕಿಲೋಓಮ್ ತೋರಿಸುತ್ತದೆ. ಮ್ಯಾಗ್ನೆಟ್ ಪಟ್ಟಿಯ ಜೊತೆಗಿರುವುದು ಒಳಗೆ ಚಿಪ್ ಇರುವ ಮಾದರಿ. ಅದು ಸುಮಾರು 7 ಮತ್ತು 14 ಮಿಲಿಆಂಪ್ ನಡುವೆ ಕರೆಂಟ್ ಬದಲಿಸಿ ಸಂಕೇತ ಕೊಡುತ್ತದೆ, ಓಮ್ ಅಳತೆಯಿಂದ ಏನೂ ತಿಳಿಯುವುದಿಲ್ಲ.

ಸೆನ್ಸರ್ ತೆಗೆಯಲು ಸಾಮಾನ್ಯವಾಗಿ ಒಂದೇ ಬೋಲ್ಟ್. ತುಕ್ಕಿನಲ್ಲಿ ಸಿಕ್ಕಿಕೊಂಡಿದ್ದರೆ ಪ್ಲೈಯರ್‌ನಿಂದ ಎಳೆಯಬೇಡಿ, ತಲೆ ಕೈಗೆ ಬಂದು ತುದಿ ಒಳಗೇ ಉಳಿಯುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾದು, ನಿಧಾನಕ್ಕೆ ಆಚೀಚೆ ತಿರುಗಿಸಿ. ಕೂರುವ ಜಾಗದ ತುಕ್ಕು ಕೆರೆದು ತೆಗೆಯಿರಿ. ಅಡಿಯಲ್ಲಿ ಒಂದು ಮಿಲಿಮೀಟರ್ ತುಕ್ಕು ಉಬ್ಬಿದ್ದರೂ ಸೆನ್ಸರ್ ಎತ್ತಿಕೊಂಡು ಸಂಕೇತ ಕಳೆದುಹೋಗುತ್ತದೆ. ಕೊನೆಗೆ ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ವೈರ್ ಎಳೆದುಕೊಳ್ಳುತ್ತದೆಯಾ ನೋಡಿ. ಬೇರಿಂಗ್ ಕೆಲಸದಲ್ಲಿ ವೈರ್ ಹಿಡಿಯುವ ಕ್ಲಿಪ್ ಹಾಕಲು ಮರೆಯುವವರೇ ಜಾಸ್ತಿ.

ಕರಾವಳಿ_ಡ್ರೈವ್

ಇದೇ ಹುಡುಕುತ್ತಾ ಬರುವವರಿಗೆ ಒಂದು ಮಾತು: ಎಬಿಎಸ್ ದೀಪ ಇಲ್ಲದೆ ಇಎಸ್‌ಸಿ ದೀಪ ಮಾತ್ರ ಹತ್ತಿದರೆ ಚಕ್ರದ ಹಿಂದೆ ಹೋಗಬೇಡಿ. ಅಲೈನ್‌ಮೆಂಟ್ ಆದಮೇಲೆ ಶುರುವಾಗಿದ್ದರೆ ಸ್ಟೇರಿಂಗ್ ಆ್ಯಂಗಲ್ ಸೆನ್ಸರ್ ನೋಡಿ. ನೇರ ಹೋಗುವಾಗ ಸೊನ್ನೆಯ ಆಸುಪಾಸು ಇರಬೇಕು, ಇಲ್ಲದಿದ್ದರೆ ಸ್ಕ್ಯಾನರ್‌ನಿಂದ ಮತ್ತೆ ಸೊನ್ನೆಗೆ ಹೊಂದಿಸಬೇಕು. ಇನ್ನೊಂದು ಬ್ರೇಕ್ ಪೆಡಲ್ ಸ್ವಿಚ್. ಹ್ಯುಂಡೈ, ಕಿಯಾದ ಹಳೆಯ ಮಾದರಿಗಳಲ್ಲಿ ಪೆಡಲಿನ ಚಿಕ್ಕ ಪ್ಲಾಸ್ಟಿಕ್ ಸ್ಟಾಪರ್ ಪುಡಿಯಾಗಿ ಉದುರುತ್ತದೆ, ಕಾಲು ತೆಗೆದರೂ ಹಿಂದಿನ ಬ್ರೇಕ್ ದೀಪ ಆರುವುದಿಲ್ಲ. ಕಾಲಿಡುವಲ್ಲಿ ಪ್ಲಾಸ್ಟಿಕ್ ಚೂರು ಕಂಡರೆ ಅದೇ. ಬ್ಯಾಟರಿ ಸೊರಗಿದ್ದರೂ ಸ್ಟಾರ್ಟ್ ಮಾಡಿದ ಕೂಡಲೇ ದೀಪ ಬರಬಹುದು, ರಾತ್ರಿ ನಿಲ್ಲಿಸಿದ ಗಾಡಿಯಲ್ಲಿ ಬೆಳಗ್ಗೆ 12.4 ವೋಲ್ಟ್‌ಗಿಂತ ಕಡಿಮೆ ಇದ್ದರೆ ಮೊದಲು ಚಾರ್ಜ್ ಮಾಡಿ.

ಘಟ್ಟದ_ಗಾಡಿ

ಸ್ಕ್ಯಾನ್ ಆಯಿತು. ಸಿ 0035, ಎಡ ಮುಂಚಕ್ರ ಸೊನ್ನೆ, ಉಳಿದ ಮೂರೂ 20–21. ಪ್ಲಗ್‌ನಲ್ಲಿ ಎರಡೂ ಕಡೆ ವೋಲ್ಟ್ ಸಮ. ಸೆನ್ಸರ್ ತೆಗೆದು ಆ ತೂತಿನಿಂದ ಸ್ಟೇಪ್ಲರ್ ಪಿನ್ ಒಂದನ್ನು ದಾರಕ್ಕೆ ಕಟ್ಟಿ ಬಿಟ್ಟರೆ ಬೇರಿಂಗ್ ಸೀಲ್‌ಗೆ ಅಂಟುತ್ತಿಲ್ಲ, ಬಲಗಡೆ ಅಂಟುತ್ತದೆ. ಈಗ ಇದೇ ಬೇರಿಂಗ್ ತೆಗೆದು ತಿರುಗಿಸಿ ಹಾಕಬಹುದಾ?

ಹತ್ತರ_ಸ್ಪ್ಯಾನರ್

ಪಿನ್ ಉಪಾಯ ಚೆನ್ನಾಗಿದೆ. ಆದರೆ ಆ ಬೇರಿಂಗ್ ಮತ್ತೆ ಹಾಕಬೇಡಿ. ಹಬ್ (ಚಕ್ರ ಕೂರುವ ಭಾಗ) ಹೊರಗೆ ಒತ್ತುವಾಗ ಬಲವೆಲ್ಲ ಗುಂಡುಗಳ ಮೂಲಕವೇ ಹಾದು ರೇಸ್ (ಗುಂಡುಗಳು ಉರುಳುವ ಬಳೆ) ಮೇಲೆ ತಗ್ಗು ಬೀಳುತ್ತದೆ, ಸ್ವಲ್ಪ ದಿನಕ್ಕೇ ಮತ್ತೆ ಸದ್ದು. ಹೊಸ ಬೇರಿಂಗ್, ಹೊಸ ಸರ್ಕ್ಲಿಪ್ (ಬೇರಿಂಗ್ ಜಾರದಂತೆ ಹಿಡಿಯುವ ಬಳೆ), ಹೊಸ ಆ್ಯಕ್ಸಲ್ ನಟ್ ತರಿಸಿ. ಡಬ್ಬಿ ಬಿಚ್ಚಿದ ಕೂಡಲೇ ಎರಡೂ ಬದಿಗೆ ಪಿನ್ ಹಿಡಿದು ನೋಡಿ, ಅಂಟುವ ಬದಿಗೆ ಮಾರ್ಕರ್‌ನಿಂದ ಗುರುತು ಹಾಕಿ. ಮ್ಯಾಗ್ನೆಟ್ ಟ್ರೇ ಮೇಲೆ ಇಡಬೇಡಿ, ಪಟ್ಟಿ ಕೆಡುತ್ತದೆ. ನಕಲ್ (ಬೇರಿಂಗ್ ಕೂರುವ ಲೋಹದ ಭಾಗ) ಒಳಗೆ ಒತ್ತುವಾಗ ಹೊರ ರೇಸ್ ಮೇಲೆ ಮಾತ್ರ ಬಲ ಬೀಳಬೇಕು. ಹಬ್ ಒತ್ತುವಾಗ ಒಳ ರೇಸ್‌ಗೆ ಅಡಿಯಿಂದ ಆಧಾರ ಕೊಡಬೇಕು. ಆ್ಯಕ್ಸಲ್ ನಟ್ ಬಿಗಿತ ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುವಷ್ಟೇ, ಟಾರ್ಕ್ ರೆಂಚ್‌ನಲ್ಲಿ. ಆಮೇಲೆ ಕೋಡ್ ಅಳಿಸಿ 30–40ರಲ್ಲಿ ಒಂದೆರಡು ಕಿಲೋಮೀಟರ್ ಓಡಿಸಿ, ನಾಲ್ಕೂ ವೇಗ ಮತ್ತೊಮ್ಮೆ ನೋಡಿ.

ಘಟ್ಟದ_ಗಾಡಿ

ಹೊಸ ಬೇರಿಂಗ್ ಕೂತಿತು. ನಾಲ್ಕೂ ಚಕ್ರ 38–39 ತೋರಿಸುತ್ತಿವೆ, ಎರಡೂ ದೀಪ ಆರಿವೆ.