ವಾರ್ಡಿನಲ್ಲಿ ಬೈಸ್ಟ್ಯಾಂಡರ್ (ರೋಗಿಯ ಜೊತೆಗಾರ) ಆಗಿ ನಿಲ್ಲುವವರಿಗೆ: ಕೇಳಿದ ಪ್ರಶ್ನೆ, ಸಿಸ್ಟರ್ ಕೊಟ್ಟ ಉತ್ತರ

ಅಡ್ಮಿನ್: ಆಸ್ಪತ್ರೆ ವಾರ್ಡಿನ ಬಗ್ಗೆ ನಮ್ಮ ಕಾಸರಗೋಡು ಜಿಲ್ಲೆಯ ಗುಂಪಿನಲ್ಲಿ ಬಂದ ಪ್ರಶ್ನೆಗಳನ್ನು ಒಂದೇ ಕಡೆ ಹಾಕಿದ್ದೇವೆ. ಉತ್ತರಿಸುವವರು ಮೆಡಿಕಲ್ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್. ಮದ್ದಿನ ಪ್ರಶ್ನೆಗೆ ನಮ್ಮ ಗುಂಪಿನ ಫಾರ್ಮಸಿಸ್ಟ್ ಉತ್ತರ ಕೊಟ್ಟಿದ್ದಾರೆ. ರೋಗಿಯ ಹೆಸರು, ಆಸ್ಪತ್ರೆಯ ಹೆಸರು ಹಾಕಬೇಡಿ.

ಪ್ರಶ್ನೆ (ಬದಿಯಡ್ಕ): ಸಿಸ್ಟರ್, ನಾಳೆ ಮಾವನನ್ನು ಅಡ್ಮಿಟ್ ಮಾಡ್ಲಿಕ್ಕುಂಟು. ಎಂತೆಲ್ಲ ಹಿಡ್ಕೊಂಡು ಹೋಗ್ಬೇಕು? ಬೈಸ್ಟ್ಯಾಂಡರ್ ಎಷ್ಟು ಜನ ನಿಲ್ಲಬಹುದು?

ಸಿಸ್ಟರ್: ಬಟ್ಟೆಬರೆಗಿಂತ ಮೊದಲು ಮದ್ದು. ಮನೆಯಲ್ಲಿ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ ಸ್ಟ್ರಿಪ್ಪಿನ ಸಮೇತ ಒಂದು ಚೀಲದಲ್ಲಿ ತನ್ನಿ. "ಬಿಳಿ ಸಣ್ಣ ಮಾತ್ರೆ, ಬಿಪಿಗೆ" ಅಂದರೆ ನಮಗೆ ಏನೂ ಗೊತ್ತಾಗುವುದಿಲ್ಲ. ರಕ್ತ ತೆಳು ಮಾಡುವ ಮದ್ದು ಇದ್ದರೆ ಮೊದಲೇ ಬಾಯಿ ಬಿಟ್ಟು ಹೇಳಿ. ಕಷಾಯ, ಲೇಹ್ಯ, ನಾಟಿ ಮದ್ದು ಕೊಡುತ್ತಿದ್ದರೆ ಅದನ್ನೂ ಹೇಳಿ, ಬೈಯುವುದಿಲ್ಲ. ಹಳೆಯ ಚೀಟಿ, ಸ್ಕ್ಯಾನಿನ ಫಿಲ್ಮು, ಆಧಾರ್, ರೇಷನ್ ಕಾರ್ಡು, ವಿಮೆಯ ಕಾರ್ಡು ಬೇಕು. ಕೇರಳ ಸರ್ಕಾರದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುವುದು ಅಡ್ಮಿಟ್ ಆದ ಚಿಕಿತ್ಸೆಗೆ. ಕಾರ್ಡನ್ನು ಡಿಸ್ಚಾರ್ಜ್ ದಿನ ತೋರಿಸಿದರೆ ಕೆಲಸ ಕೆಡುತ್ತದೆ, ಅಡ್ಮಿಟ್ ಆಗುವಾಗಲೇ ಕೌಂಟರಿನಲ್ಲಿ ಕೊಡಿ. ಮಂಗಳೂರಿಗೆ ಹೋಗುವವರು ಆ ಆಸ್ಪತ್ರೆಯಲ್ಲಿ ನಿಮ್ಮ ಕಾರ್ಡು ನಡೆಯುತ್ತದೋ ಅಂತ ಹೊರಡುವ ಮೊದಲು ಫೋನ್ ಮಾಡಿ ಕೇಳಿ.

ಸಾಮಾನ್ಯವಾಗಿ ಬೈಸ್ಟ್ಯಾಂಡರ್ ಪಾಸ್ ಒಂದೇ. ಹೆಂಗಸರ ವಾರ್ಡಿನಲ್ಲಿ ರಾತ್ರಿ ಹೆಂಗಸರೇ ನಿಲ್ಲಬೇಕು. ಒಂದು ಸಣ್ಣ ನೋಟ್‌ಬುಕ್, ಪೆನ್ ಇರಲಿ. ದಿನಕ್ಕೊಬ್ಬರು ಬದಲಾಗಿ ನಿಲ್ಲುವ ಮನೆಗಳಲ್ಲಿ ನಿನ್ನೆ ಡಾಕ್ಟರು ಹೇಳಿದ್ದು ಇವತ್ತು ನಿಂತವರಿಗೆ ಗೊತ್ತೇ ಇರುವುದಿಲ್ಲ.

ಪ್ರಶ್ನೆ (ಕುಂಬಳೆ): ಅಕ್ಕಾ, ಡ್ರಿಪ್ ತುಂಬಾ ನಿಧಾನ ಹೋಗ್ತದೆ. ಪೈಪಿನ ಆ ಚಕ್ರ ಸ್ವಲ್ಪ ತಿರುಗಿಸಿದ್ರೆ ಬೇಗ ಮುಗೀತದಲ್ಲ? ಎಲ್ಲರೂ ಮಾಡ್ತಾರೆ.

ಸಿಸ್ಟರ್: ಎಲ್ಲರೂ ಮಾಡುತ್ತಾರೆ, ಅದೇ ನಮ್ಮ ತಲೆಬಿಸಿ. ಲೆಕ್ಕ ಕೇಳಿ. ದೊಡ್ಡವರಿಗೆ ಹಾಕುವ ಮಾಮೂಲು ಡ್ರಿಪ್ ಸೆಟ್ಟಿನಲ್ಲಿ 20 ಹನಿಗೆ 1 ಮಿಲಿ, ಸೆಟ್ಟಿನ ಕವರಿನ ಮೇಲೆ ಬರೆದಿರುತ್ತದೆ. 500 ಮಿಲಿ ಬಾಟ್ಲಿ 4 ಗಂಟೆಯಲ್ಲಿ ಮುಗಿಯಬೇಕಾದರೆ ನಿಮಿಷಕ್ಕೆ ಸುಮಾರು 42 ಹನಿ, 8 ಗಂಟೆಗಾದರೆ 21. ವಾಚ್ ನೋಡಿ 15 ಸೆಕೆಂಡು ಎಣಿಸಿ: 10ರ ಹತ್ತಿರ ಬಂದರೆ 4 ಗಂಟೆಯ ಲೆಕ್ಕ, 5 ಬಂದರೆ 8 ಗಂಟೆಯದ್ದು. ಮಕ್ಕಳಿಗೆ ಹಾಕುವ ಸೆಟ್ಟಿನಲ್ಲಿ 60 ಹನಿಗೆ 1 ಮಿಲಿ, ಅದರ ಲೆಕ್ಕವೇ ಬೇರೆ.

ಹೃದಯ ಅಥವಾ ಕಿಡ್ನಿ ಬಲವಿಲ್ಲದ ಅಜ್ಜನಿಗೆ ನೀವು ಅರ್ಧ ಗಂಟೆಯಲ್ಲಿ ಬಾಟ್ಲಿ ಖಾಲಿ ಮಾಡಿದರೆ ನೀರು ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಮಲಗಿದವರು ಏದುಸಿರು ಬಿಡುತ್ತಾ ಎದ್ದು ಕೂರುತ್ತಾರೆ. ಬಾಟ್ಲಿಗೆ ಪೊಟ್ಯಾಸಿಯಂ ಸೇರಿಸಿದ್ದರೆ ಅದು ವೇಗವಾಗಿ ಹೋಗಿ ಹೃದಯವೇ ನಿಲ್ಲಬಹುದು. ವ್ಯಾಂಕೋಮೈಸಿನ್ ಎಂಬ ಆಂಟಿಬಯಾಟಿಕ್ 1 ಗ್ರಾಂ ಹೋಗಲು ಕನಿಷ್ಠ 100 ನಿಮಿಷ ಬೇಕು. ಅವಸರ ಮಾಡಿದರೆ ಮುಖ ಕುತ್ತಿಗೆ ಕೆಂಪಾಗಿ ಮೈಯೆಲ್ಲ ತುರಿಸುತ್ತದೆ.

ಹನಿ ನಿಂತಿದ್ದರೆ ಮೊದಲು ಕೈ ನೋಡಿ. ಮೊಣಕೈ ಮಡಚಿ ಮಲಗಿರುತ್ತಾರೆ, ಇಲ್ಲವಾದರೆ ಪೈಪು ಬೆನ್ನಿನಡಿ ಸಿಕ್ಕಿರುತ್ತದೆ. ಪೈಪಿನಲ್ಲಿ ರಕ್ತ ಹಿಂದೆ ಬಂದಿದ್ದರೆ ಬಾಟ್ಲಿ ಖಾಲಿಯಾಗಿದೆ, ಅಥವಾ ಬಾತ್‌ರೂಮಿಗೆ ಹೋಗುವಾಗ ಬಾಟ್ಲಿಯನ್ನು ಕೈಗಿಂತ ಕೆಳಗೆ ಹಿಡಿದಿದ್ದೀರಿ. ಗಾಬರಿ ಬೇಡ, ಆದರೆ ಪೈಪನ್ನು ಹಿಂಡಿ ರಕ್ತ ಒಳಗೆ ತಳ್ಳಬೇಡಿ, ಹೆಪ್ಪುಗಟ್ಟಿದ್ದು ಒಳಗೆ ಹೋಗುತ್ತದೆ. ಸೂಜಿಯ ಸುತ್ತ ಊದಿ, ತಣ್ಣಗಾಗಿ, ನೋವಿದ್ದರೆ ಮದ್ದು ನರದ ಹೊರಗೆ ಹೋಗುತ್ತಿದೆ. ಆಗ ಮಾತ್ರ ಚಕ್ರ ಪೂರ್ತಿ ಮುಚ್ಚಿ ನಮ್ಮನ್ನು ಕರೆಯಿರಿ. ಮುಚ್ಚಲು ಅನುಮತಿ ಉಂಟು, ತೆರೆಯಲು ಇಲ್ಲ.

ಪ್ರತಿಕ್ರಿಯೆ (ಕುಂಬಳೆ): ಪೈಪಿನಲ್ಲಿ ಸಣ್ಣ ಗಾಳಿಗುಳ್ಳೆ ಕಂಡ್ರೆ ಜೀವಕ್ಕೆ ಅಪಾಯ ಅಲ್ವಾ?

ಸಿಸ್ಟರ್: ಸಿನೆಮಾದಲ್ಲಿ ಹಾಗೆ. ಕೈಯ ನರದ ಡ್ರಿಪ್ಪಿನಲ್ಲಿ ಒಂದೆರಡು ಸಣ್ಣ ಗುಳ್ಳೆ ಹೋದರೆ ದೊಡ್ಡವರಿಗೆ ಏನೂ ಆಗುವುದಿಲ್ಲ. ಉದ್ದಕ್ಕೆ ಗಾಳಿ ತುಂಬಿದ್ದರೆ ಕರೆಯಿರಿ.

ಪ್ರಶ್ನೆ (ಮುಳ್ಳೇರಿಯ): ಕಿಡ್ನಿ ತೊಂದರೆಯಲ್ಲಿ ಮಲಗಿದವರನ್ನು ನೋಡ್ಲಿಕ್ಕೆ ಹೋಗುವಾಗ ಎಂತ ತೆಗೊಂಡು ಹೋಗುವುದು? ಎಳನೀರು ಒಳ್ಳೆಯದಲ್ಲವಾ, ತಂಪು?

ಸಿಸ್ಟರ್: ಬೇಡವೇ ಬೇಡ. ನಮ್ಮ ಕಡೆ ಕಾಯಿಲೆಯವರಿಗೆ ಎಳನೀರು ಕೊಡುವುದು ಪ್ರೀತಿಯ ಲಕ್ಷಣ, ಆದರೆ 100 ಮಿಲಿ ಎಳನೀರಿನಲ್ಲಿ ಸುಮಾರು 250 ಮಿಲಿಗ್ರಾಂ ಪೊಟ್ಯಾಸಿಯಂ ಉಂಟು. ಕಿಡ್ನಿ ಅದನ್ನು ಹೊರಗೆ ಹಾಕಲಾರದೆ ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಮೂಸಂಬಿ ಜ್ಯೂಸಿಗೂ ಬಾಳೆಹಣ್ಣಿಗೂ ಇದೇ ಮಾತು. ದಾರೆಹುಳಿ (ಸ್ಟಾರ್ ಫ್ರೂಟ್) ಇನ್ನೂ ಕೆಟ್ಟದ್ದು. ಅದರಲ್ಲಿ ಮೆದುಳಿಗೆ ತಾಗುವ ಅಂಶವುಂಟು, ಕಿಡ್ನಿ ಹೋದವರಿಗೆ ಒಂದೇ ಹಣ್ಣಿನಿಂದ ನಿಲ್ಲದ ಬಿಕ್ಕಳಿಕೆ, ಗೊಂದಲ, ಫಿಟ್ಸ್ ಬರಬಹುದು. ಕೊಲೆಸ್ಟರಾಲ್ ಇಳಿಯುತ್ತದೆ ಅಂತ ಬಿಂಬುಳಿ ಜ್ಯೂಸು ಲೋಟಗಟ್ಟಲೆ ಕುಡಿದು, ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶದಿಂದ ಸರಿಯಾಗಿದ್ದ ಕಿಡ್ನಿಯನ್ನೇ ಕೆಡಿಸಿಕೊಂಡವರೂ ಇದ್ದಾರೆ.

ಇನ್ನೊಂದು, ನೀರಿನ ಮಿತಿ ಹಾಕಿದವರಿಗೆ ಗಂಜಿತಿಳಿ, ಚಹಾ, ಪಾಯಸ, ಐಸ್ ಎಲ್ಲವೂ ನೀರಿನ ಲೆಕ್ಕಕ್ಕೇ ಬರುತ್ತದೆ. ದಿನಕ್ಕೆ 1 ಲೀಟರ್ ಅಂತ ಬರೆದಿದ್ದರೆ 1 ಲೀಟರಿನ ಬಾಟ್ಲಿಗೆ ಬೆಳಿಗ್ಗೆ ನೀರು ತುಂಬಿಸಿಡಿ. ಗಂಜಿ, ಚಹಾ ಏನು ಕೊಟ್ಟರೂ ಅಷ್ಟೇ ನೀರನ್ನು ಬಾಟ್ಲಿಯಿಂದ ಚೆಲ್ಲಿ, ಬಾಟ್ಲಿಯಲ್ಲಿ ಉಳಿದದ್ದೇ ಕುಡಿಯಲು ಬಾಕಿ. ಮೂತ್ರವನ್ನು ಅಳೆದು ಬರೆಯಲು ಹೇಳಿದ್ದರೆ ಕಮೋಡಿಗೆ ಸುರಿಯುವ ಮೊದಲು ಅಳೆಯಿರಿ. "ತುಂಬಾ ಹೋಯಿತು" ಎಂಬುದು ಅಳತೆ ಅಲ್ಲ. ಕ್ಯಾತಿಟರ್ (ಮೂತ್ರದ ಪೈಪು) ಚೀಲ ಯಾವತ್ತೂ ಸೊಂಟಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದ ಹಾಗೆ. ವೀಲ್‌ಚೇರಿನಲ್ಲಿ ಒಯ್ಯುವಾಗ ಅದನ್ನು ರೋಗಿಯ ಮಡಿಲಲ್ಲಿ ಇಡುತ್ತಾರೆ, ಆಗ ಮೂತ್ರ ಹಿಂದಕ್ಕೆ ಹರಿದು ಸೋಂಕು ತರುತ್ತದೆ.

ಪ್ರಶ್ನೆ (ಉಪ್ಪಳ): ಭೇಟಿ ಸಮಯ ಬಿಟ್ಟು ಹೋದ್ರೆ ಯಾಕೆ ಸಿಟ್ಟು ಮಾಡ್ತಾರೆ? ದೂರದಿಂದ ಬರುವವರಿಗೆ ಕಷ್ಟ.

ಸಿಸ್ಟರ್: ಹೆಚ್ಚಿನ ಕಡೆ ಪಾಳಿ ಬೆಳಿಗ್ಗೆ 8, ಮಧ್ಯಾಹ್ನ 2, ರಾತ್ರಿ 8ಕ್ಕೆ ಬದಲಾಗುತ್ತದೆ. ಆ ಹೊತ್ತಿಗೆ ಒಬ್ಬ ಸಿಸ್ಟರ್ ಇನ್ನೊಬ್ಬರಿಗೆ ಪ್ರತಿ ಹಾಸಿಗೆಯ ವಿವರ ಒಪ್ಪಿಸುತ್ತಾರೆ. ಮಧ್ಯೆ ಮಾತು ತುಂಡಾದರೆ ಒಂದು ಮದ್ದು ಬಿಟ್ಟುಹೋಗುವುದು ಅಲ್ಲಿಯೇ. ಡಾಕ್ಟರು ರೋಗಿಗಳನ್ನು ನೋಡಲು ಬರುವ ರೌಂಡ್ಸ್ ಬೆಳಿಗ್ಗೆ, ಆಗ ಬೈಸ್ಟ್ಯಾಂಡರ್ ಹಾಸಿಗೆಯ ಬಳಿ ಇರಬೇಕು, ಉಳಿದವರು ಹೊರಗೆ. ಡಾಕ್ಟರಿಗೆ ಕೇಳುವ ಮೂರು ಪ್ರಶ್ನೆ ಬರೆದಿಟ್ಟುಕೊಳ್ಳಿ.

ಬಂದವರು ಹಾಸಿಗೆಯ ಮೇಲೆ ಕೂರಬೇಡಿ. ಒಳಗೆ ಬರುವಾಗಲೂ ಹೋಗುವಾಗಲೂ ಕೈಗೆ ಸ್ಯಾನಿಟೈಸರ್ ಹಚ್ಚಿ 20 ಸೆಕೆಂಡು ಉಜ್ಜಿ. ನೆಗಡಿ, ಕೆಮ್ಮು, ಭೇದಿ ಇದ್ದವರು ಬರಲೇಬೇಡಿ. ಸಣ್ಣ ಮಕ್ಕಳನ್ನು ಕರೆತರಬೇಡಿ. ಗಂಜಿ ಉಳಿದರೆ ಹಳದಿ ಬಕೆಟ್ಟಿಗೆ ಸುರಿಯುವವರಿದ್ದಾರೆ. ಹಳದಿ ರಕ್ತ ತಾಗಿದ ಹತ್ತಿ, ಬ್ಯಾಂಡೇಜಿಗೆ. ಕೆಂಪು ಡ್ರಿಪ್ ಪೈಪಿನಂಥ ಪ್ಲಾಸ್ಟಿಕ್ಕಿಗೆ, ನೀಲಿ ಗಾಜಿಗೆ, ಬಿಳಿ ಡಬ್ಬ ಸೂಜಿಗೆ. 2016ರ ನಿಯಮವದು. ಊಟದ ಕಸಕ್ಕೆ ಬೇರೆಯೇ ಬಕೆಟ್ ಇರುತ್ತದೆ.

ಪ್ರಶ್ನೆ (ಪೆರ್ಲ): ನಮ್ಮ ಅಜ್ಜಿಗೆ ಮಲಯಾಳ ಬರುವುದಿಲ್ಲ. ಸಿಸ್ಟರುಗಳು ಕೇಳಿದ್ದು ತಿಳಿಯುವುದಿಲ್ಲ, ಸುಮ್ಮನೆ ಹೂಂ ಅಂತಾರೆ.

ಸಿಸ್ಟರ್: ಆ ಹೂಂ ಅಪಾಯದ್ದು. ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವ ಶಬ್ದ "ನೀರ್". "ಕಾಲಿಲ್ ನೀರುಂಡೋ" ಅಂದರೆ ಕಾಲು ಊದಿದೆಯೋ ಅಂತ ಕೇಳಿದ್ದು. ಅಜ್ಜಿ ಕುಡಿಯುವ ನೀರೆಂದುಕೊಂಡು ಉತ್ತರಿಸುತ್ತಾರೆ. "ಪನಿ" ಜ್ವರ, "ಚುಮ" ಕೆಮ್ಮು, "ಓಕ್ಕಾನಂ" ಓಕರಿಕೆ, "ತಲಕರಕ್ಕಂ" ತಲೆ ತಿರುಗುವುದು, "ಕ್ಷೀಣಂ" ಸುಸ್ತು. "ವಯಟ್ಟೀನ್ನ್ ಪೋಯೋ" ಅಂದರೆ ಮಲವಿಸರ್ಜನೆ ಆಯಿತೋ ಅಂತ. ಇವನ್ನು ಒಂದು ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ದಿಂಬಿನ ಹತ್ತಿರ ಇಡಿ. ಅಜ್ಜಿಗೆ ಕನ್ನಡ ಅಥವಾ ತುಳು ಮಾತ್ರ ಬರುತ್ತದೆ ಅಂತ ಅಡ್ಮಿಟ್ ಆಗುವಾಗಲೇ ಕೇಸ್‌ಶೀಟಿನಲ್ಲಿ ಬರೆಸಿ. ನಮ್ಮ ಜಿಲ್ಲೆಯ ವಾರ್ಡುಗಳಲ್ಲಿ ಕನ್ನಡ, ತುಳು ಬಲ್ಲವರು ಯಾರಾದರೂ ಇದ್ದೇ ಇರುತ್ತಾರೆ, ಕರೆಸಿ ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಆಪರೇಷನ್ನಿನ ಒಪ್ಪಿಗೆ ಪತ್ರವನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ವಿವರಿಸಿದ ಮೇಲೆಯೇ ಸಹಿ ಹಾಕಿ.

ಪ್ರಶ್ನೆ (ಮಂಜೇಶ್ವರ): ನಾಡಿದ್ದು ಆಪರೇಷನ್. ಗಂಜಿ ಕುಡಿಯಬಹುದಾ ಬೆಳಿಗ್ಗೆ?

ಸಿಸ್ಟರ್: ಗಂಜಿ ಊಟವೇ. ಹಗುರ ಊಟದಿಂದ 6 ಗಂಟೆ, ಎಣ್ಣೆ ಅಥವಾ ಮಾಂಸದ ಊಟವಾದರೆ 8 ಗಂಟೆ, ಬರೀ ನೀರಿನಿಂದ 2 ಗಂಟೆ ಅಂತರ ಬೇಕು. ಹಾಲು ಹಾಕಿದ ಚಹಾ ನೀರಲ್ಲ. ಆದರೂ ವಾರ್ಡಿನಲ್ಲಿ "ರಾತ್ರಿ 12ರ ಮೇಲೆ ಏನೂ ಬೇಡ" ಅಂದರೆ ಅದನ್ನೇ ಪಾಲಿಸಿ, ಯಾಕೆಂದರೆ ಲಿಸ್ಟಿನಲ್ಲಿ ಮೂರನೆಯವರು ಒಮ್ಮೊಮ್ಮೆ ಮೊದಲನೆಯವರಾಗುತ್ತಾರೆ. ಕದ್ದು ತಿಂದರೆ ಅರಿವಳಿಕೆಯಲ್ಲಿ ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ. ತಿಂದಿದ್ದರೆ ಹೇಳಿಬಿಡಿ, ಆಪರೇಷನ್ ಮುಂದಕ್ಕೆ ಹಾಕುತ್ತಾರೆ ಅಷ್ಟೆ. ಬಿಪಿ, ಸಕ್ಕರೆ ಮದ್ದು ಆ ಬೆಳಿಗ್ಗೆ ಬೇಕೋ ಬೇಡವೋ ಹಿಂದಿನ ಸಂಜೆಯೇ ಕೇಳಿ. ಕಟ್ಟಿಸಿದ ಹಲ್ಲು, ಬಳೆ, ಉಗುರುಬಣ್ಣ ತೆಗೆಯಿರಿ.

ಪ್ರಶ್ನೆ (ಸೀತಾಂಗೋಳಿ): ರಾತ್ರಿ ಯಾವಾಗ ಎಬ್ಬಿಸಬೇಕು ನಿಮ್ಮನ್ನು? ಸುಮ್ಮನೆ ಕರೆದರೆ ಬೈಗುಳ ಅಂತ ಹೆದರಿಕೆ.

ಸಿಸ್ಟರ್: ನಾವು ಮಲಗಲು ಬಂದವರಲ್ಲ. ಕರೆದರೂ ಎಚ್ಚರವಾಗದಿದ್ದರೆ, ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ತುಟಿ ನೀಲಿಯಾದರೆ, ಎದೆನೋವು ಬಂದರೆ, ಬ್ಯಾಂಡೇಜಿನ ಕೆಂಪು ಹರಡುತ್ತಿದ್ದರೆ ಕೂಡಲೇ. ರಕ್ತ ಏರಿಸುವಾಗ ಮೊದಲ 15 ನಿಮಿಷ ಕಣ್ಣು ತೆಗೆಯಬೇಡಿ; ನಡುಕ, ಬೆನ್ನುನೋವು, ತುರಿಕೆ ಶುರುವಾದರೆ ಓಡಿಬನ್ನಿ. ರಕ್ತದ ಆಕ್ಸಿಜನ್ ಶೇಕಡಾ 95ಕ್ಕಿಂತ ಮೇಲಿರಬೇಕು ಅಂತ ಎಲ್ಲರಿಗೂ ಗೊತ್ತು, ಆದರೆ ವರ್ಷಗಟ್ಟಲೆ ದಮ್ಮು ಇರುವ ಕೆಲವರಿಗೆ 88ರಿಂದ 92 ಅಂತ ಡಾಕ್ಟರೇ ಬರೆದಿರುತ್ತಾರೆ. ಅಂಥವರಿಗೆ 90 ಕಂಡು ಆಕ್ಸಿಜನ್ ತಿರುಗಿಸಿ ಹೆಚ್ಚು ಮಾಡಿದರೆ ಅವರು ಮಂಪರಿಗೆ ಜಾರುತ್ತಾರೆ.

ಪ್ರಶ್ನೆ (ಮುಳ್ಳೇರಿಯ): ಮಂಗಳೂರಿಗೆ ಕರ್ಕೊಂಡು ಹೋಗ್ತೇವೆ ಅಂತ ನಾವೇ ಹೇಳಿದ್ರೆ?

ಸಿಸ್ಟರ್: ಡಾಕ್ಟರೇ ಕಳಿಸುವುದು ರೆಫರಲ್. ನೀವೇ ಹಟ ಹಿಡಿದರೆ ವೈದ್ಯರ ಸಲಹೆ ಮೀರಿ ಹೋಗುತ್ತಿದ್ದೇವೆ ಅಂತ ಸಹಿ ಹಾಕಿಸುತ್ತಾರೆ. ಎರಡರಲ್ಲೂ ಕೊಟ್ಟ ಮದ್ದಿನ ಚೀಟಿ ಮತ್ತು ಫಿಲ್ಮು ಕೇಳಿ ಪಡೆಯಿರಿ, ಅಲ್ಲಿಯ ಹಾಸಿಗೆಯನ್ನು ಫೋನಿನಲ್ಲಿ ಖಚಿತ ಮಾಡಿ. ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರ್. ಆ್ಯಂಬುಲೆನ್ಸಿನ ಬಿ-ಟೈಪ್ ಸಿಲಿಂಡರ್ ತುಂಬಿದ್ದರೆ ಸುಮಾರು 1500 ಲೀಟರ್ ಆಕ್ಸಿಜನ್. ನಿಮಿಷಕ್ಕೆ 10 ಲೀಟರ್ ಬೇಕಾದವರಿಗೆ 150 ನಿಮಿಷ, ಸಿಲಿಂಡರಿನ ಮೀಟರಿನ ಮುಳ್ಳು ಅರ್ಧದಲ್ಲಿದ್ದರೆ 75. ಹೆದ್ದಾರಿಯಲ್ಲಿ ಬ್ಲಾಕ್ ಆದರೆ ಆ 75 ಸಾಲದು. ಹೊರಡುವ ಮೊದಲು ಮುಳ್ಳು ನೋಡಿ.

ಪ್ರಶ್ನೆ (ಬದಿಯಡ್ಕ): ಬೆಳಿಗ್ಗೆ 10ಕ್ಕೆ ಡಿಸ್ಚಾರ್ಜ್ ಅಂತಾರೆ, ಹೊರಗೆ ಬರುವಾಗ 4 ಗಂಟೆ. ಎಂತ ಮಾಡ್ತಾರೆ ಅಷ್ಟು ಹೊತ್ತು?

ಸಿಸ್ಟರ್: ಡಿಸ್ಚಾರ್ಜ್ ಸಮರಿ (ಚಿಕಿತ್ಸೆಯ ಸಾರಾಂಶ) ಬರೆದು, ಡಾಕ್ಟರು ನೋಡಿ, ಉಳಿದ ಮದ್ದು ವಾಪಸಾಗಿ, ಬಿಲ್ಲಾಗಿ, ವಿಮೆಯವರು ಒಪ್ಪಬೇಕು. ಕೊನೆಯದ್ದೇ ನಿಧಾನ. ಕೈಯ ಡ್ರಿಪ್ ಸೂಜಿ ತೆಗೆಸಿಕೊಂಡೇ ಹೊರಡಿ, ಮರೆತು ಮನೆಗೆ ಹೋಗುವುದುಂಟು. ಕೇಸ್‌ಶೀಟಿನ ಪ್ರತಿ ಬೇಕಾದರೆ ಬರೆದು ಕೇಳಿ, 72 ಗಂಟೆಯೊಳಗೆ ಕೊಡಬೇಕು.

ಫಾರ್ಮಸಿಸ್ಟ್: ವಾಪಸಿಗೆ ಸ್ಟ್ರಿಪ್ ಕತ್ತರಿಸಿರಬಾರದು, ಬಿಲ್ ಇರಬೇಕು. ಇನ್ಸುಲಿನ್‌ನಂತಹ ಫ್ರಿಜ್ಜಿನ ಮದ್ದು ಹೊರಗೆ ಹೋದ ಮೇಲೆ ಸಾಧಾರಣವಾಗಿ ತೆಗೆದುಕೊಳ್ಳುವುದಿಲ್ಲ. ಚೀಟಿಯಲ್ಲಿ 1-0-1 ಅಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಎಸ್‌ಒಎಸ್ ಅಂದರೆ ಬೇಕಾದಾಗ ಮಾತ್ರ. ಹಳೆಯ ಬಿಪಿ ಮಾತ್ರೆಯೂ ಹೊಸ ಚೀಟಿಯದ್ದೂ ಬೇರೆ ಕಂಪೆನಿಯ ಹೆಸರಲ್ಲಿ ಒಂದೇ ಮದ್ದಾಗಿರಬಹುದು, ಎರಡನ್ನೂ ನುಂಗಿ ತಲೆ ತಿರುಗಿ ಬೀಳುತ್ತಾರೆ. ಎರಡೂ ಸ್ಟ್ರಿಪ್ ಕೌಂಟರಿನಲ್ಲಿ ಇಟ್ಟು ತೋರಿಸಿ, ಕವರಿನ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಿ.